ನೈರೋಬಿಯಲ್ಲಿ ಆರು ವಾರ, ಖರ್ಚಿಗೆ ದುಡ್ಡಿಲ್ಲ. ಎಲ್ಲೆಲ್ಲಿ ಹೋಗಬಹುದು?

#1 ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಅಕ್ಕನ ಬಾಣಂತನಕ್ಕೆ ಅಂತ ಅಮ್ಮನ ಜೊತೆ ನೈರೋಬಿಗೆ ಬಂದಿದ್ದೇನೆ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ. ಇನ್ನೂ ಆರು ವಾರ ಇಲ್ಲೇ ಇರುತ್ತೇವೆ. ಮಗು ಎಣ್ಣೆ ನೀರು ಮುಗಿಸಿ ಮಲಗಿದ ಮೇಲೆ ನನಗೆ ಮೂರು ಗಂಟೆ ಬಿಡುವು ಸಿಗುತ್ತದೆ.

ಉಳಿಸಿಟ್ಟ ದುಡ್ಡೆಲ್ಲ ಟಿಕೆಟ್‌ಗೇ ಹೋಯಿತು. ಸಫಾರಿ, ಜಿರಾಫೆ, ಆನೆಮರಿ ಎಲ್ಲದಕ್ಕೂ ನಮ್ಮಂಥವರಿಗೆ ಡಾಲರ್ ಲೆಕ್ಕದ ಟಿಕೆಟ್. ಭಾವನನ್ನು ಕೇಳಲು ಮನಸ್ಸಿಲ್ಲ, ಅವರಿಗೆ ಈಗಲೇ ಆಸ್ಪತ್ರೆ ಖರ್ಚು ಜಾಸ್ತಿ ಆಗಿದೆ. ಆದರೆ ಮನೆ, ಬಾಲ್ಕನಿ ಇಷ್ಟೇ ನೋಡಿಕೊಂಡು ವಾಪಸ್ ಹೋಗೋದು ಬೇಡ ಅನಿಸುತ್ತಿದೆ. ದುಡ್ಡಿಲ್ಲದೆ ಈ ಊರನ್ನು ಹೇಗೆ ನೋಡೋದು? ಇಲ್ಲಿ ಇದ್ದವರು, ಇದ್ದು ಬಂದವರು ದಯವಿಟ್ಟು ಹೇಳಿ.

#2 ಕೆಂಪುಹೆಂಚು

ನಾನು ಈ ಊರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಮೊದಲು ಒಂದು ಸ್ವಾಹಿಲಿ ಪದ ಕಲಿತುಕೊಳ್ಳಿ: ಬುರೆ. ಪುಕ್ಕಟೆ ಅಂತ ಅರ್ಥ. ಗೇಟಿನಲ್ಲಿ ನಿಂತು "ನಿ ಬುರೆ?" ಅಂತ ಕೇಳಿದರೆ ಹೌದು, ಇಲ್ಲ ಎರಡೇ ಉತ್ತರ ಬರುತ್ತದೆ.

ಎರಡನೆಯದು, ಇಲ್ಲಿನ ಹವಾಮಾನವೇ ದೊಡ್ಡ ಉಡುಗೊರೆ. ನೈರೋಬಿ ಸಮುದ್ರ ಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಇಡೀ ಮಹಾನಗರ ಮುಳ್ಳಯ್ಯನಗಿರಿಯ ಭುಜದ ಮೇಲೆ ಕೂತ ಹಾಗೆ. ಸಮಭಾಜಕ ರೇಖೆ ಇಷ್ಟು ಹತ್ತಿರ ಇದ್ದರೂ ಮಧ್ಯಾಹ್ನ ನಡೆದಾಡಬಹುದು. ಊರಿನ ಹೆಸರೇ ಮಸಾಯಿ ಭಾಷೆಯಲ್ಲಿ ತಣ್ಣೀರು ಅಂತ. 1899ರಲ್ಲಿ ರೈಲು ಹಳಿ ಇಲ್ಲಿಗೆ ಬಂದು ಮುಟ್ಟುವ ಮೊದಲು ಇಲ್ಲಿ ಊರೇ ಇರಲಿಲ್ಲ, ಜೌಗು ನೆಲವಿತ್ತು.

ನೀವು ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಇರುವುದು ಒಳ್ಳೆಯದೇ ಆಯಿತು. ಮೊದಲ ದಿನ ಜೀವನ್‌ಜೀ ಗಾರ್ಡನ್ಸ್‌ಗೆ ಹೋಗಿ. ಊರ ನಡುವೆ ಇರುವ ಚಿಕ್ಕ ಪಾರ್ಕು. ಕರಾಚಿಯಲ್ಲಿ ಹುಟ್ಟಿದ ಅಲಿಭಾಯಿ ಮುಲ್ಲಾ ಜೀವನ್‌ಜೀ ಎಂಬ ವ್ಯಾಪಾರಿ, ರೈಲ್ವೆ ಗುತ್ತಿಗೆಯಲ್ಲಿ ದುಡಿದವರು, 1906ರಲ್ಲಿ ತಮ್ಮ ಜಾಗವನ್ನು ಊರಿನ ಜನಕ್ಕೆ ಬಿಟ್ಟುಕೊಟ್ಟರು. 1991ರಲ್ಲಿ ಅಲ್ಲಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟಲು ಹೊರಟಿದ್ದರು. ಅವರ ಮೊಮ್ಮಗಳು ಝರೀನಾ ಪಟೇಲ್ ಬೀದಿಗಿಳಿದು, ಜನರನ್ನು ಸೇರಿಸಿ ತಡೆದರು. ಇವತ್ತೂ ಅಲ್ಲಿನ ಬೆಂಚುಗಳ ಮೇಲೆ ಜನ ಗುಂಪುಗೂಡಿ ರಾಜಕೀಯ ಚರ್ಚೆ ಮಾಡುತ್ತಾರೆ. ಅದಕ್ಕೆ ಜನರ ಸಂಸತ್ತು ಅಂತಲೇ ಹೆಸರು, ಬುಂಗೆ ಲಾ ಮ್ವನಂಚಿ. ಸುಮ್ನೆ ಒಂದು ಬದಿ ಕೂತು ಕೇಳಿ.

#3 ಉಪ್ಪಿನಂಗಡಿ

ಎಲ್ಲ ಸರಿ, ಆದರೆ ಒಂದು ಎಚ್ಚರಿಕೆ ಮಾತು ಹೇಳಲೇಬೇಕು. ಮೂರು ವರ್ಷದ ಹಿಂದೆ ಬಸ್ಸಿನ ಕಿಟಕಿ ಪಕ್ಕ ಕೂತು ಫೋನು ನೋಡುತ್ತಿದ್ದೆ. ಹೊರಗಿನಿಂದ ಒಂದು ಕೈ ಬಂತು, ಫೋನು ಹೋಯಿತು. ಅಷ್ಟೇ. ಅದರಲ್ಲಿದ್ದ ಅಪ್ಪನ ಕೊನೆಯ ಫೋಟೋಗಳೂ ಹೋದವು. ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಆದ್ದರಿಂದ: ಪೇಟೆಯಲ್ಲಿ ಫೋನು ಹೊರಗೆ ತೆಗೆಯಬೇಡಿ. ದಾರಿ ಮೊದಲೇ ನೋಡಿಕೊಂಡು ಹೊರಡಿ. ಕತ್ತಲಾಗುವ ಮೊದಲು ಮನೆ ಸೇರಿ. ಇಲ್ಲಿ ವರ್ಷವಿಡೀ ಸುಮಾರು ಆರೂವರೆಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಬೇಗ ಕತ್ತಲಾಗುತ್ತದೆ. ಸಂಸತ್ತು, ಸ್ಟೇಟ್ ಹೌಸ್, ಪೊಲೀಸರು, ಸೈನಿಕರು, ಇವರ ಫೋಟೋ ಬೇಡವೇ ಬೇಡ.

#4 ಸಂಜೆಮಲ್ಲಿಗೆ

ಇಬ್ಬರಿಗೂ ಧನ್ಯವಾದ. ಇವತ್ತು ಹೋಗಿ ಬಂದೆ. ಅಕ್ಕನ ಮನೆಗೆ ಸಹಾಯಕ್ಕೆ ಬರುವವರು ತಾವೂ ಪೇಟೆಗೆ ಹೋಗಬೇಕು ಅಂದರು. ಅವರ ಜೊತೆ ಙಾರಾ ದಾಟಿ ನಡೆದೇ ಹೋದೆವು, ಮುಕ್ಕಾಲು ಗಂಟೆ.

ಊಟದ ಬಿಡುವಿನ ಹೊತ್ತು. ಆಫೀಸಿನ ಬಟ್ಟೆ ತೊಟ್ಟವರು ಹುಲ್ಲಿನ ಮೇಲೆ ಶೂ ಬಿಚ್ಚಿ ಮಲಗಿದ್ದರು. ಒಬ್ಬರು ಬೈಬಲ್ ಹಿಡಿದು ಗಟ್ಟಿಯಾಗಿ ಸಾರುತ್ತಿದ್ದರು. ಅವರ ಎದುರು ಹತ್ತು ಹೆಜ್ಜೆ ದೂರದಲ್ಲೇ ನಿಮ್ಮ ಸಂಸತ್ತು. ಇಪ್ಪತ್ತು ಜನ ಗಂಡಸರು, ಇಬ್ಬರು ಹೆಂಗಸರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೈ ಎತ್ತಿ ಕಾಯುತ್ತಾರೆ. ನನಗೆ ಅರ್ಥ ಆಗಿದ್ದು "ಉಂಗಾ" ಒಂದೇ. ಉಂಗಾ ಅಂದರೆ ಹಿಟ್ಟು ಅಂತ ಜೊತೆಗಿದ್ದವರು ಹೇಳಿದರು. ಮೆಕ್ಕೆಜೋಳದ ಹಿಟ್ಟಿನ ಬೆಲೆ ಬಗ್ಗೆ ಜಗಳ. ನಮ್ಮೂರಿನ ಕಟ್ಟೆ ಮೇಲೆ ಕೂತವರೂ ಮೆಕ್ಕೆಜೋಳದ ರೇಟಿನ ಬಗ್ಗೆಯೇ ಮಾತಾಡುತ್ತಾರಲ್ವಾ, ದಾವಣಗೆರೆ ಸೀಮೆಯಲ್ಲಿ ಬೆಳೆಯೋದೇ ಅದು.

ಇನ್ನೂ ಹೇಳಿ. ನಾಳೆ ಎಲ್ಲಿಗೆ?

#5 ಬೇವಿನಮರ

ನಾಳೆ ಉಹುರು ಪಾರ್ಕ್. ಉಹುರು ಅಂದರೆ ಸ್ವಾತಂತ್ರ್ಯ. 1969ರಲ್ಲಿ ಜನರಿಗೆ ತೆರೆದ ಪಾರ್ಕು. ದೋಣಿಗೆ ದುಡ್ಡು, ಹುಲ್ಲಿಗೆ ಇಲ್ಲ. ಗುಡ್ಡದ ಮೇಲ್ಗಡೆ ಕೂತರೆ ಇಡೀ ಪೇಟೆ ಕಣ್ಣೆದುರು ಬರುತ್ತದೆ. ದುಂಡಗೆ ಎದ್ದು ನಿಂತಿರುವುದು ಕೆನ್ಯಾಟಾ ಸಮ್ಮೇಳನ ಕೇಂದ್ರ, 1973ರದ್ದು. ಅದರ ತುದಿ ಹತ್ತಲು ಟಿಕೆಟ್ ಬೇಕು. ಈ ಹುಲ್ಲಿನ ಮೇಲೆ ಕೂತು ಅದನ್ನೂ ಸೇರಿಸಿ ನೋಡುವುದೇ ಚೆಂದ.

ಆದರೆ ನಾನು ಹೇಳಬೇಕಾಗಿರುವುದು ನೋಟದ ಬಗ್ಗೆ ಅಲ್ಲ. 1989ರಲ್ಲಿ ಆಗಿನ ಸರ್ಕಾರ ಈ ಪಾರ್ಕಿನೊಳಗೆ 60 ಮಹಡಿ ಕಟ್ಟಡ ಎಬ್ಬಿಸಲು ಹೊರಟಿತ್ತು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಬೇಡ ಅಂತ ಪತ್ರ ಬರೆದರು, ಮತ್ತೆ ಮತ್ತೆ ಬರೆದರು. ಸಂಸತ್ತಿನಲ್ಲಿ ಅವರನ್ನು ಹೀಯಾಳಿಸಿದರು. ಅವರ ಸಂಘಟನೆಯನ್ನು ಸರ್ಕಾರಿ ಕಚೇರಿಯ ಜಾಗದಿಂದ ಹೊರಹಾಕಿದರು. ಅವರು ಬಿಡಲಿಲ್ಲ. ಕೊನೆಗೆ ಹಣ ಹಾಕುವವರೇ ಹಿಂದೆ ಸರಿದರು.

ಪಾರ್ಕಿನ ಒಂದು ಮೂಲೆಗೆ ಫ್ರೀಡಂ ಕಾರ್ನರ್ ಅಂತ ಹೆಸರು. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರು ಮಕ್ಕಳನ್ನು ಬಿಡಿ ಅಂತ ಅಲ್ಲಿ ಉಪವಾಸ ಕೂತರು. ಬಹಳ ಜನ ವಯಸ್ಸಾದ ಹಳ್ಳಿ ಹೆಂಗಸರು. ಮಾರ್ಚ್ 3ರಂದು ಪೊಲೀಸರು ಲಾಠಿ ಬೀಸಿದರು. ಆ ತಾಯಂದಿರಲ್ಲಿ ಕೆಲವರು ತಮ್ಮ ಬಟ್ಟೆ ಕಳಚಿ ಎದುರು ನಿಂತರು. ತಾಯಿಯ ವಯಸ್ಸಿನವಳು ಹಾಗೆ ನಿಂತರೆ ಅದು ಅಲ್ಲಿ ಶಾಪ. ವಂಗಾರಿ ಪೆಟ್ಟು ತಿಂದು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ತಾಯಂದಿರು ಪಕ್ಕದ ಆಲ್ ಸೇಂಟ್ಸ್ ಕ್ಯಾಥೆಡ್ರಲ್‌ಗೆ ಹೋಗಿ, ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಉಳಿದರು. ಹೆಚ್ಚಿನ ಮಕ್ಕಳು ಬಿಡುಗಡೆಯಾದರು. 2004ರಲ್ಲಿ ವಂಗಾರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆ ಮೂಲೆಯಲ್ಲಿ ಐದು ನಿಮಿಷ ನಿಂತು ಬನ್ನಿ. ಅಲ್ಲಿಂದ ರಸ್ತೆ ದಾಟಿದರೆ ಕ್ಯಾಥೆಡ್ರಲ್, ಕಲ್ಲಿನ ಕಟ್ಟಡ, ಒಳಗೆ ತಂಪು. ಸದ್ದಿಲ್ಲದೆ ಕೂತು ಬರಲು ಯಾರೂ ಬೇಡ ಅನ್ನುವುದಿಲ್ಲ.

#6 ಮಡಿವಾಳಹಕ್ಕಿ

ಹಕ್ಕಿಗಳ ಬಗ್ಗೆ ಯಾರೂ ಹೇಳಲಿಲ್ಲ! ಬೆಳಗಿನ ಜಾವ ಕರ್ಕಶವಾಗಿ "ಹಾ ಹಾ ದಾ" ಅಂತ ಕೂಗಿ ಎಬ್ಬಿಸುವುದು ಹಡಾಡಾ ಐಬಿಸ್. ನಮ್ಮ ಕೆಂಬರಲಿನ ನೆಂಟ. ಅದರ ಕೂಗಿಗೇ ಆ ಹೆಸರು. ಬಾಲ್ಕನಿಯಿಂದಲೇ ಕಾಣುತ್ತದೆ, ಬಿಸಿಲಿಗೆ ಅದರ ರೆಕ್ಕೆ ಹಸಿರು ನೇರಳೆ ಮಿಂಚುವುದನ್ನು ಗಮನಿಸಿ.

ಇನ್ನು ಮರಾಬೂ ಕೊಕ್ಕರೆ. ಮೊಂಬಾಸಾ ರಸ್ತೆಯಲ್ಲಿ ನ್ಯಾಯೋ ಸ್ಟೇಡಿಯಂ ಸುತ್ತಮುತ್ತ ಜಾಲಿ ಮರಗಳ ತುದಿಯಲ್ಲಿ ಗೂಡು ಕಟ್ಟುತ್ತವೆ. ನಿಂತರೆ ಮನುಷ್ಯನ ಎದೆಯ ಎತ್ತರ. ತಲೆ ಬೋಳು, ಕತ್ತಿಗೆ ಗುಲಾಬಿ ಚೀಲ. ನೋಡಲು ಚೆಂದವಿಲ್ಲ ಅಂತ ಜನ ಮುಖ ಸಿಂಡರಿಸುತ್ತಾರೆ. ನನಗೆ ಮಾತ್ರ ಅವು ಹಾರುವುದನ್ನು ನೋಡುವುದೆಂದರೆ ಹಬ್ಬ. ಕೆಳಗೆ ಲಾರಿ, ಬಸ್ಸು, ಹೊಗೆ. ಮೇಲೆ ಅಷ್ಟು ದೊಡ್ಡ ರೆಕ್ಕೆ ಒಂದು ಸಲವೂ ಬಡಿಯದೆ ತೇಲುತ್ತದೆ. ಮರದ ನೇರ ಕೆಳಗೆ ಮಾತ್ರ ನಿಲ್ಲಬೇಡಿ.

ಅಕ್ಟೋಬರ್, ನವೆಂಬರ್‌ನಲ್ಲಿ ಬಂದಿದ್ದರೆ ಜಕರಂಡ ಹೂವು ಸಿಗುತ್ತದೆ. ಬೆಂಗಳೂರಲ್ಲಿ ಅದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಇಲ್ಲಿ ಮಳೆ ಶುರುವಾಗುವಾಗ ಫುಟ್‌ಪಾತೆಲ್ಲ ನೇರಳೆ.

ಮತ್ತೆ ವಯಾಕಿ ವೇಯಲ್ಲಿ ಒಂದು ದೊಡ್ಡ ಅತ್ತಿ ಜಾತಿಯ ಮರ ಇದೆ. ಮುಗುಮೊ ಅನ್ನುತ್ತಾರೆ, ಕಿಕುಯು ಜನರಿಗೆ ಅದು ದೇವರ ಮರ. 2020ರಲ್ಲಿ ಎಕ್ಸ್‌ಪ್ರೆಸ್‌ವೇಗೆ ಅದನ್ನು ಕಡಿಯುವವರಿದ್ದರು. ಜನ ಎದ್ದರು, ಅಧ್ಯಕ್ಷರ ಆದೇಶವೇ ಬಂತು, ಮರ ಉಳಿಯಿತು. ಅಶ್ವತ್ಥಕಟ್ಟೆ ಸುತ್ತಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

#7 ನುಡಿಗಂಟು

ನನ್ನ ಸಲಹೆ ಬೇರೆ ಥರದ್ದು. ಬಿಯಾಶಾರಾ ಸ್ಟ್ರೀಟ್‌ಗೆ ಹೋಗಿ. ಹಿಂದೆ ಇಂಡಿಯನ್ ಬಜಾರ್ ಅಂತ ಕರೆಯುತ್ತಿದ್ದ ಜಾಗ. ಬಟ್ಟೆ ಅಂಗಡಿಗಳ ಸಾಲು. ಕೊಳ್ಳಬೇಡಿ, ಓದಿ! ಕಾಂಗಾ ಅನ್ನುವ ಬಟ್ಟೆಯ ಅಂಚಿನಲ್ಲಿ ಒಂದೊಂದು ಸ್ವಾಹಿಲಿ ಗಾದೆ ಅಚ್ಚಾಗಿರುತ್ತದೆ. ಹೆಂಗಸರು ಬಾಯಲ್ಲಿ ಹೇಳಲಾಗದ್ದನ್ನು ಉಟ್ಟ ಬಟ್ಟೆಯಿಂದ ಹೇಳುತ್ತಾರೆ.

ನಾನು ಓದಿದ ಒಂದು: "ಹಬಾ ನಾ ಹಬಾ ಹುಜಾಜಾ ಕಿಬಾಬಾ." ಚೂರು ಚೂರು ಸೇರಿ ಕಿಬಾಬಾ ತುಂಬುತ್ತದೆ ಅಂತ. ಕಿಬಾಬಾ ಅಂದರೆ ಕಾಳು ಅಳೆಯುವ ಅಳತೆ. ಈಗ ನಮ್ಮದು ಹೇಳಿ ನೋಡಿ: ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಅಲ್ಲೂ ಅಳತೆ, ಇಲ್ಲೂ ಅಳತೆ! ಅಂಗಡಿಯ ಮುಂದೆ ನಿಂತು ನನಗೆ ಮೈ ಜುಮ್ ಅಂದಿತ್ತು.

ಕಿವಿ ತೆರೆದಿಟ್ಟರೆ ಗುರುತಿನ ಪದಗಳು ಎಲ್ಲೆಲ್ಲೂ ಸಿಗುತ್ತವೆ. ಅಂಗಡಿ ದುಕಾ, ವಕೀಲ ವಕೀಲಿ, ವಿಮೆ ಬೀಮಾ, ಲಕ್ಷ ಲಾಕಿ, ಲೆಕ್ಕ ಹೆಸಾಬು. ಕೆಲವು ಭಾರತದಿಂದ ಹೋದವು. ಕೆಲವು ಅರಬ್ಬೀ, ಪಾರ್ಸಿ ಕಡೆಯಿಂದ ಅಲ್ಲಿಗೂ ನಮ್ಮಲ್ಲಿಗೂ ಬಂದವು. ಮಟಾಟು ಅನ್ನುವ ಇಲ್ಲಿನ ವ್ಯಾನಿಗೆ ಆ ಹೆಸರು ಬಂದದ್ದು ಟಾಟು, ಅಂದರೆ ಮೂರು, ಅನ್ನುವ ಪದದಿಂದ. ಶುರುವಿನಲ್ಲಿ ಮೂರು ನಾಣ್ಯ ಕೊಟ್ಟರೆ ಸಾಕಿತ್ತಂತೆ. ಮೈತುಂಬ ಚಿತ್ರ ಬರೆಸಿಕೊಂಡ ಮಟಾಟುಗಳಿಗೆ ಙಾನ್ಯಾ ಅನ್ನುತ್ತಾರೆ. ಟಾಮ್ ಎಂಬೋಯಾ ರಸ್ತೆ ಬದಿ ಹದಿನೈದು ನಿಮಿಷ ನಿಂತರೆ ಚಲಿಸುವ ಚಿತ್ರಶಾಲೆಯೇ ಹಾದುಹೋಗುತ್ತದೆ.

#8 ಕೆಂಪುಹೆಂಚು

ನುಡಿಗಂಟು, ಸೊಗಸಾಗಿ ಹೇಳಿದಿರಿ. ಅದೇ ಸುತ್ತಿನಲ್ಲಿ ಕಿಮಾಥಿ ಸ್ಟ್ರೀಟ್‌ನಲ್ಲಿ ದೆದಾನ್ ಕಿಮಾಥಿ ಪ್ರತಿಮೆ ನೋಡಬಹುದು. ಮೌ ಮೌ ಹೋರಾಟದ ಮುಖಂಡ. ಬ್ರಿಟಿಷರು ಗಲ್ಲಿಗೇರಿಸಿದ್ದು 1957ರ ಫೆಬ್ರವರಿ 18. ಪ್ರತಿಮೆ ತೆರೆದದ್ದು ಸರಿಯಾಗಿ 50 ವರ್ಷದ ನಂತರ, 2007ರಲ್ಲಿ, ಅದೇ ದಿನ. ಹತ್ತಿರದಲ್ಲೇ ಜಾಮಿಯಾ ಮಸೀದಿಯ ಬೆಳ್ಳಿ ಬಣ್ಣದ ಮೂರು ಗುಮ್ಮಟಗಳು. ಪಕ್ಕದಲ್ಲಿ 1931ರ ಮ್ಯಾಕ್‌ಮಿಲನ್ ಗ್ರಂಥಾಲಯ, ಮೆಟ್ಟಿಲ ಬಳಿ ಎರಡು ಕಲ್ಲಿನ ಸಿಂಹ. ಮೊದಲ ಕೆಲವು ದಶಕ ಅದರೊಳಗೆ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು.

ಹಸಿವಾದರೆ ಗುರುದ್ವಾರ. ನಿಮ್ಮ ಪಾರ್ಕ್‌ಲ್ಯಾಂಡ್ಸ್, ಙಾರಾ ಕಡೆ ಹಲವು ಇವೆ. ತಲೆಗೆ ಬಟ್ಟೆ ಹಾಕಿ, ಕೈಕಾಲು ತೊಳೆದು, ಎಲ್ಲರ ಜೊತೆ ಸಾಲಿನಲ್ಲಿ ಕೂತರೆ ಊಟ ಬಡಿಸುತ್ತಾರೆ. 1896ರಿಂದ 1901ರವರೆಗೆ ಈ ರೈಲು ಹಾಸಲು ಭಾರತದಿಂದ 32,000ದಷ್ಟು ಕೂಲಿಗಳು ಬಂದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಇಲ್ಲೇ ಸತ್ತರು. ಆ ನೆನಪಿಟ್ಟುಕೊಂಡು ಉಣ್ಣಿ. ಆಮೇಲೆ ಪಾತ್ರೆ ತೊಳೆಯಲು ಕೈ ಜೋಡಿಸಿ, ಅದೂ ಊಟದಷ್ಟೇ ಹಿತ.

#9 ತುಂಗಾತೀರ

ನನಗೆ ಈ ಪುಕ್ಕಟೆ ಮಾತಿನ ಬಗ್ಗೆ ಸ್ವಲ್ಪ ತಕರಾರಿದೆ. ಕರೂರಾ ಕಾಡಿಗೆ ಶುಲ್ಕ ಇದೆ, ಅರ್ಬೊರೇಟಂ ಅನ್ನುವ ಮರಗಳ ತೋಟಕ್ಕೂ ಚಿಕ್ಕ ಶುಲ್ಕ ಇದೆ. ಅಲ್ಲಿ ಬೇಲಿಯ ಸಂದಿಯಿಂದ ನುಗ್ಗುವ ದಾರಿ ಹೇಳುವವರನ್ನು ಬೇರೆ ಕಡೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕರೂರಾ ಸುಮಾರು 1,000 ಹೆಕ್ಟೇರ್ ಕಾಡು, ಊರೊಳಗೇ ಇದೆ. ಅದನ್ನು ಬಿಲ್ಡರ್‌ಗಳಿಗೆ ಹಂಚುವುದನ್ನು ತಡೆಯಲು 1999ರ ಜನವರಿಯಲ್ಲಿ ಅದೇ ವಂಗಾರಿ ಗೇಟಿನ ಬಳಿ ಸಸಿ ನೆಡಲು ಹೋಗಿ ತಲೆಗೆ ಏಟು ತಿಂದರು. ಆರು ವಾರದಲ್ಲಿ ಒಂದು ದಿನ ದುಡ್ಡು ಕೂಡಿಸಿ ಅಲ್ಲಿಗೆ ಹೋಗಿ.

ಇನ್ನೊಂದು. ಕಿಬೆರಾ ನೋಡಿ ಬನ್ನಿ ಅಂತ ಯಾರಾದರೂ ಹೇಳಿದರೆ ಹೋಗಬೇಡಿ. ಬಡವರ ಮನೆ ಬಾಗಿಲು ನೋಡುವ ಜಾಗ ಅಲ್ಲ. ಅಲ್ಲಿ ಗೆಳೆಯರಿದ್ದು ಕರೆದರೆ ಅದು ಬೇರೆ ಮಾತು.

#10 ಕೆಂಪುಹೆಂಚು

ತುಂಗಾತೀರ ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಮಸಾಯಿ ಮಾರ್ಕೆಟ್‌ಗೂ ಇದೇ ಮಾತು ಸೇರಿಸುತ್ತೇನೆ. ಶನಿವಾರ ಹೈಕೋರ್ಟ್ ಪಕ್ಕದ ಜಾಗದಲ್ಲಿ ಸೇರುತ್ತದೆ. ಮಣಿ, ಬುಟ್ಟಿ, ಕಲ್ಲಿನ ಕೆತ್ತನೆ, ನೋಡಲು ಕಣ್ಣು ಸಾಲದು. ಆದರೆ ಕೊಳ್ಳುವ ಮನಸ್ಸಿಲ್ಲದಿದ್ದರೆ ಚೌಕಾಸಿ ಶುರು ಮಾಡಬೇಡಿ. "ಹಪಾನಾ, ಅಸಾಂತೆ" ಅಂತ ಮೊದಲೇ ಹೇಳಿಬಿಡಿ. ಬೇಡ, ಧನ್ಯವಾದ ಅಂತ.

#11 ಸಾಧನಕೇರಿ

ನಾನು ಧಾರವಾಡದವನು. ಇಷ್ಟೆಲ್ಲ ಬರೆದರು, ನಿಮ್ಮ ಮನೆ ಹಿಂದೆಯೇ ಇರುವುದನ್ನು ಯಾರೂ ಹೇಳಲಿಲ್ಲವಲ್ಲರೀ! ಪಾರ್ಕ್‌ಲ್ಯಾಂಡ್ಸ್‌ಗೆ ಅಂಟಿಕೊಂಡೇ ಸಿಟಿ ಪಾರ್ಕ್ ಇದೆ. ಹಳೆಯ ಕಾಡಿನ ತುಂಡು, ಊರು ಬೆಳೆದ ಮೇಲೂ ಉಳಿದದ್ದು. ಒತ್ತುವರಿ ಅಲ್ಲಿಯೂ ಆಗಿದೆ, ಆದರೂ ಬಹಳ ಉಳಿದಿದೆ. ಪ್ರವೇಶ ಪುಕ್ಕಟೆ. ಸೈಕ್ಸ್ ಮಂಗಗಳು ಹೆಗಲ ಮೇಲೆ ಹತ್ತುತ್ತವೆ. ತಿನ್ನಲು ಕೊಡದಿದ್ದರೆ ಒಳ್ಳೆಯದು, ಚೀಲ ಮಾತ್ರ ಬಿಗಿ ಹಿಡಿಯಿರಿ.

ಆ ಪಾರ್ಕಿನ ಒಳಗೆ ಒಂದು ಸ್ಮಶಾನ ಇದೆ. ಅಲ್ಲಿ ಪಿಯೊ ಗಾಮಾ ಪಿಂಟೊ ಅವರ ಸಮಾಧಿ ಇದೆ. ಗೋವಾ ಮೂಲದವರು, 1927ರಲ್ಲಿ ನೈರೋಬಿಯಲ್ಲೇ ಹುಟ್ಟಿದವರು. ಎಂಟು ವರ್ಷಕ್ಕೆ ಓದಲು ಭಾರತಕ್ಕೆ ಕಳಿಸಿದರು. ಗೋವಾದಲ್ಲಿ ಮೆಟ್ರಿಕ್ ಮುಗಿಸಿ ಎರಡು ವರ್ಷ ವಿಜ್ಞಾನ ಓದಿದ್ದು ಎಲ್ಲಿ ಗೊತ್ತಾ? ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. 1944ರಲ್ಲಿ ವಾಯುಪಡೆ ಸೇರಿದರು. ಆಮೇಲೆ ಗೋವಾ ಬಿಡುಗಡೆಯ ಹೋರಾಟಕ್ಕೆ ಇಳಿದರು. ಪೋರ್ಚುಗೀಸರು ಹಿಡಿಯುವ ಹೊತ್ತಿಗೆ, 1949ರಲ್ಲಿ ಕೀನ್ಯಾಕ್ಕೆ ಮರಳಿದರು. ಇಲ್ಲಿ ಬ್ರಿಟಿಷರ ವಿರುದ್ಧ ನಿಂತು, ಮೌ ಮೌ ಹೋರಾಟಗಾರರಿಗೆ ನೆರವಾಗಿ, 1954ರಿಂದ ವರ್ಷಗಟ್ಟಲೆ ಬಂಧನದಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಭೂಮಿ ಬಡವರಿಗೆ ಸಿಗಬೇಕು ಅಂತ ಗಟ್ಟಿಯಾಗಿ ಹೇಳಿದರು. 1965ರ ಫೆಬ್ರವರಿ 24ರಂದು ಮನೆಯ ಗೇಟಿನಲ್ಲೇ ಗುಂಡಿಟ್ಟು ಕೊಂದರು. ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗಳಿದ್ದಳು. ವಯಸ್ಸು ಬರೀ 37.

ಅವರ ಗೆಳೆಯ ಜೋಸೆಫ್ ಮುರುಂಬಿ. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ. ಈ ಹುಡುಗ ಬೆಳೆದು ಓದಿದ್ದೂ ಬೆಂಗಳೂರು, ಬಳ್ಳಾರಿಯಲ್ಲಿ. ಮುಂದೆ ಕೀನ್ಯಾದ ಎರಡನೆಯ ಉಪಾಧ್ಯಕ್ಷರಾದರು. ಕೆಲವೇ ತಿಂಗಳಲ್ಲಿ, 1966ರಲ್ಲಿ ಆ ಕುರ್ಚಿ ಬಿಟ್ಟು ಹೊರಬಂದರು. ಗೆಳೆಯನ ಹತ್ತಿರವೇ ತನ್ನನ್ನು ಮಣ್ಣು ಮಾಡಬೇಕು ಅನ್ನುವುದು ಅವರ ಆಸೆಯಾಗಿತ್ತು. 1990ರಲ್ಲಿ ತೀರಿಕೊಂಡ ಮೇಲೆ ಅದೇ ಸಿಟಿ ಪಾರ್ಕಿನಲ್ಲಿ, ಪಿಂಟೊ ಇರುವ ಸ್ಮಶಾನಕ್ಕೆ ಹತ್ತಿರದಲ್ಲೇ ಜಾಗ ಸಿಕ್ಕಿತು. ಸುತ್ತ ಆಫ್ರಿಕದ ಕಲಾವಿದರ ದೊಡ್ಡ ಶಿಲ್ಪಗಳಿವೆ.

ಕರ್ನಾಟಕದ ನೀರು ಕುಡಿದ ಇಬ್ಬರು, ಅಷ್ಟು ದೂರದಲ್ಲಿ ಅಕ್ಕಪಕ್ಕ. ನನಗೆ ಇದು ತಿಳಿದದ್ದು ವಾಪಸ್ ಬಂದ ಮೇಲೆ. ನೈರೋಬಿಯಲ್ಲಿ ಎರಡು ವರ್ಷ ಇದ್ದರೂ ಹೋಗಲಿಲ್ಲವಲ್ಲ ಅಂತ ಈಗಲೂ ಕೊರಗುತ್ತೇನೆ. ನೀವು ಹೋಗಿ. ನನ್ನ ಪರವಾಗಿಯೂ ಒಂದು ಹೂವು ಇಡಿ. ಸ್ಮಶಾನದ ಗೇಟು ಮುಚ್ಚಿದ್ದರೆ ಪಾರ್ಕಿನ ಕೆಲಸದವರನ್ನು ಕೇಳಿ.

#12 ಬೇವಿನಮರ

ಸಾಧನಕೇರಿಯವರೇ, ಇದು ನನಗೆ ಗೊತ್ತೇ ಇರಲಿಲ್ಲ. ಪಿಂಟೊ ಹೆಸರು ಕೇಳಿದ್ದೆ. ಧಾರವಾಡ ಅಂತ ಗೊತ್ತಿರಲಿಲ್ಲ.

#13 ಸಂಜೆಮಲ್ಲಿಗೆ

ನಾಲ್ಕು ದಿನ ಏನೂ ಬರೆಯಲಾಗಲಿಲ್ಲ, ಮಗುವಿಗೆ ನೆಗಡಿ. ಈಗ ಆರಾಮಾಗಿದೆ.

ಸಾಧನಕೇರಿಯವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೈಯಲ್ಲಿದ್ದ ತೊಟ್ಟಿಲ ಬಟ್ಟೆ ಹಾಗೇ ಕೆಳಗಿಟ್ಟರು. ನಾನು ಇಲ್ಲಿ ಹೇಳಿಯೇ ಇರಲಿಲ್ಲ, ಅಮ್ಮ ಬಿ.ಎಸ್ಸಿ. ಮಾಡಿದ್ದು ಕರ್ನಾಟಕ ಕಾಲೇಜಿನಲ್ಲೇ. ಈ ದೇಶಕ್ಕೆ ಬಂದು ಒಂದು ತಿಂಗಳಾದರೂ ಅವರು ಗೇಟು ದಾಟಿರಲಿಲ್ಲ. "ನಾನೂ ಬರ್ತೀನಿ" ಅಂದರು.

ಭಾನುವಾರ ಬೆಳಿಗ್ಗೆ ಭಾವ ಮಗುವನ್ನು ನೋಡಿಕೊಂಡರು. ಅಮ್ಮ, ನಾನು ನಡೆದೇ ಹೋದೆವು, ಇಪ್ಪತ್ತು ನಿಮಿಷ. ಪಾರ್ಕಿನಲ್ಲಿ ಮಕ್ಕಳು, ಮಂಗಗಳು, ಹಾಡುತ್ತಿದ್ದ ಚರ್ಚಿನ ಗುಂಪು. ಗುಡಿಸುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದೆವು. ಪಿಂಟೊ ಅಂದ ಕೂಡಲೇ ಪೊರಕೆ ಬದಿಗಿಟ್ಟು ತಾವೇ ಕರೆದುಕೊಂಡು ಹೋದರು. ಮರದ ನೆರಳು, ಒಣ ಎಲೆ, ಸದ್ದಿಲ್ಲ. ಅಮ್ಮ ಸೆರಗಿನಿಂದ ಕಲ್ಲಿನ ಮೇಲಿದ್ದ ಎಲೆಗಳನ್ನು ತೆಗೆದರು. ಬಾಲ್ಕನಿ ಕುಂಡದ ದಾಸವಾಳ ಎರಡು ತಂದಿದ್ದೆವು. ಒಂದು ನಮ್ಮದು, ಒಂದು ಸಾಧನಕೇರಿಯವರದು.

ಆ ಹಿರಿಯರು "ನೀವು ಅವರ ಮನೆಯವರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲ ಅಂತ ನಾನು ಹೇಳುವಷ್ಟರಲ್ಲಿ ಅಮ್ಮ, "ಒಂದೇ ಕಾಲೇಜು" ಅಂದರು. ಕನ್ನಡದಲ್ಲೇ ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯರು ಟೋಪಿ ತೆಗೆದು ಅಮ್ಮನಿಗೆ ಎರಡೂ ಕೈ ಕೊಟ್ಟರು.

ಆಮೇಲೆ ಮುರುಂಬಿಯವರ ಕಡೆಗೆ ಹೋಗಿ ಶಿಲ್ಪಗಳ ನಡುವೆ ಕೂತು ಚಪಾತಿ ಪಲ್ಯ ತಿಂದೆವು. ಕಾಲೇಜಿನ ಲ್ಯಾಬು, ಹಾಸ್ಟೆಲಿನ ಊಟ, ಮಳೆಗಾಲದಲ್ಲಿ ಸೈಕಲ್ ಜಾರಿದ್ದು, ಅಮ್ಮ ಒಂದು ಗಂಟೆ ಮಾತಾಡಿದರು. ಇದನ್ನೆಲ್ಲ ನನಗೆ ಯಾವತ್ತೂ ಹೇಳಿರಲಿಲ್ಲ.

ಮಗುವಿಗೆ ಮೂರು ತಿಂಗಳು ತುಂಬುವ ದಿನ ಅದನ್ನೂ ಅಲ್ಲಿಗೆ ಎತ್ತಿಕೊಂಡು ಹೋಗೋಣ ಅಂದಿದ್ದಾರೆ. ಅಷ್ಟರಲ್ಲಿ ಉಹುರು ಪಾರ್ಕಿನ ಆ ಮೂಲೆಗೂ ಹೋಗಬೇಕಂತೆ. ಅಲ್ಲಿಗೆ ಪಾರ್ಕ್‌ಲ್ಯಾಂಡ್ಸ್‌ನಿಂದ ಏರು ಜಾಸ್ತಿ ಇಲ್ಲದ ದಾರಿ ಯಾವುದು? ಅಮ್ಮನಿಗೆ ಮೊಣಕಾಲು ನೋವಿದೆ.